ಅಜ್ಜನ ಗುದ್ದಲಿ ರಿಪೇರಿ ಮಾಡಿಸ್ಲಾ, ಇಲ್ಲ 'ಫೋರ್ಜ್ಡ್' ಅಂತ ಬರ್ದಿರೋ ಹೊಸದನ್ನ ತಗೊಳ್ಲಾ?

ಹಿತ್ತಲಗಿಡ

ಎಲ್ಲರಿಗೂ ನಮಸ್ಕಾರ. ಪೋಸ್ಟು ಸ್ವಲ್ಪ ಉದ್ದ ಆಗುತ್ತೆ, ಮೊದ್ಲೇ ಸಾರಿ.

ನಮ್ಮಜ್ಜನ ಕಾಲದ್ದು ಒಂದು ಗುದ್ದಲಿ ಇದೆ, ಕುಲುಮೇಲಿ ಬಡಿದು ಮಾಡಿದ್ದು. ಬಾಯಿ ಸವೆದೂ ಸವೆದೂ ಈಗ ಮುಕ್ಕಾಲು ಪಾಲು ಉಳಿದಿದ್ರೆ ಹೆಚ್ಚು, ಕಾವು ಬೇರೆ ಹೋದ ತಿಂಗ್ಳು ಲಟಕ್ ಅಂತ ಮುರೀತು. ಸರಿ ಸಾಕಾಯ್ತು ಅಂತ ಅದನ್ನ ಮೂಲೆಗಿಟ್ಟು ಆನ್‌ಲೈನಲ್ಲಿ ಹೊಸ ಗುದ್ದಲಿ ಒಂದು, ಸಲಿಕೆ ಒಂದು ತರಿಸ್ದೆ. ಎರಡರ ಮೇಲೂ 'ಫೋರ್ಜ್ಡ್' (ಅಂದ್ರೆ ಕಾಯಿಸಿ ಬಡಿದು ಮಾಡಿದ್ದು), 'ತಲೆಮಾರುಗಳ ಕುಶಲತೆ' ಅಂತೆಲ್ಲ ಲೇಬಲ್ಲು, ಜೊತೆಗೆ ಗಡ್ಡದ ಕಮ್ಮಾರ ಸುತ್ತಿಗೆ ಎತ್ತಿರೋ ಚಿತ್ರ. ಮೂರನೇ ದಿನ ಒಂದು ಬೇರು ಮೀಟೋಕೆ ಹೋದ್ರೆ ಸಲಿಕೆ ಕುತ್ತಿಗೆ ಹತ್ರ ಬಾಳೆಲೆ ಥರ ಮಡಚ್ಕೊಂತು. ಕಾಲಲ್ಲಿ ತುಳಿದು ನೆಟ್ಟಗೆ ಮಾಡ್ದೆ, ಮತ್ತೆ ಮಡಚ್ಕೊಂತು. ಈಗ ಅದು ಸಲಿಕೇನೂ ಅಲ್ಲ ಮೊರಾನೂ ಅಲ್ಲ.

ನನ್ನ ಡೌಟು ಏನಂದ್ರೆ, ನಿಜವಾಗ್ಲೂ ಬಡಿದು ಮಾಡಿದ್ದು ಅಂತ ಕೈಗೆ ತಗೊಂಡು ನೋಡಿ ಹೇಳೋದು ಹೇಗೆ? ಹಳೇ ಗುದ್ದಲಿಗೆ ಇನ್ನೂ ಜೀವ ಇದೆಯಾ, ಇಲ್ಲ ಗುಜರಿಗೇನಾ? ಮತ್ತೆ ಈ 'ಫ್ಯಾಮಿಲಿ ಕುಲುಮೆ, ನಾಲ್ಕನೇ ತಲೆಮಾರು' ಅಂತ ಹೇಳ್ಕೊಳೋರು ನಿಜವಾಗ್ಲೂ ಇದ್ದಾರಾ ಅಥವಾ ಅದೂ ಆ ಗಡ್ಡದ ಚಿತ್ರದ ಥರಾನೇನಾ? ಗೊತ್ತಿರೋರು ಹೇಳಿ ಪ್ಲೀಸ್.

ಅರೆಕೆಂಪು

ಮಡಚ್ಕೊಂಡ ಸಲಿಕೆ ಫೋರ್ಜ್ಡ್ ಅಲ್ಲ, ಫೋಟೋ ನೋಡ್ದೇನೇ ಹೇಳ್ತೀನಿ. ಅದು ತಗಡು ಕತ್ತರಿಸಿ ಪ್ರೆಸ್ಸಲ್ಲಿ ಒತ್ತಿದ್ದು. ಒಂದೂವರೆ ಎರಡು ಮಿಲಿಮೀಟರ್ ಶೀಟು, ಕುತ್ತಿಗೆಯಿಂದ ಬಾಯಿವರೆಗೂ ಒಂದೇ ದಪ್ಪ, ಗಟ್ಟಿ ಬರ್ಲಿ ಅಂತ ಮಧ್ಯೆ ಒಂದೆರಡು ಗೆರೆ ಉಬ್ಬಿಸಿರ್ತಾರೆ. ಸಲಿಕೆ ತಿರುಗಿಸಿ ಬೆನ್ನು ನೋಡಿ, ಕಾವು ಕೂರೋ ಕೊಳವೆ ಹಿಂದ್ಗಡೆ ತೆರೆದಿದ್ಯಾ, ಬರೀ ಸುತ್ತಿ ತಂದು ನಿಲ್ಸಿದ್ದಾರಾ? ಹಂಗಿದ್ರೆ ಮುಗೀತು. ಆ ಸಂದೀಲಿ ಮಣ್ಣು ತುಂಬ್ಕೊಳುತ್ತೆ, ಮಣ್ಣು ನೀರು ಹಿಡಿಯುತ್ತೆ, ಕಾವು ಅಲ್ಲೇ ಕೊಳೆಯುತ್ತೆ.

ಬಡಿದು ಮಾಡಿದ್ದನ್ನ ಕಂಡುಹಿಡಿಯೋಕೆ ಕಣ್ಣಿಗಿಂತ ಬೆರಳು ವಾಸಿ. ಹೆಬ್ಬೆರಳು ತೋರುಬೆರಳ ಮಧ್ಯೆ ಅಲಗನ್ನ ಹಿಡ್ಕೊಂಡು ಕುತ್ತಿಗೆಯಿಂದ ಬಾಯಿ ಕಡೆಗೆ ಜಾರಿಸ್ತಾ ಬನ್ನಿ. ಭಾರ ಬೀಳೋ ಜಾಗದಲ್ಲಿ ದಪ್ಪ, ಮಣ್ಣು ಸೀಳೋ ಜಾಗದಲ್ಲಿ ತೆಳು, ಮಧ್ಯೆ ಎಲ್ಲೂ ಮೆಟ್ಟಿಲು ಸಿಗಬಾರದು. ಉಕ್ಕನ್ನ 1,000 ಡಿಗ್ರಿ ಮೇಲೆ ಕಾಯಿಸಿದಾಗ ಅದು ಹೆಚ್ಚುಕಮ್ಮಿ ಗಟ್ಟಿ ಜೇಡಿಮಣ್ಣಿನ ಥರ, ಬಡಿದ್ರೆ ಬಡಿದ ಕಡೆಗೆ ಹರಿಯುತ್ತೆ, ಎಲ್ಲಿ ಬೇಕೋ ಅಲ್ಲಿ ದಪ್ಪ ಬಿಟ್ಟು ಬೇಡದ ಕಡೆ ತೆಳು ಮಾಡ್ಬೋದು. ಒಂದೇ ದಪ್ಪದ ತಗಡನ್ನ ಪ್ರೆಸ್ಸಲ್ಲಿ ಒತ್ತಿದ್ರೆ ಅದು ಬರಲ್ಲ. ಒಳ್ಳೇ ಸಲಿಕೇಲಿ ಕೊಳವೆ, ಕುತ್ತಿಗೆ, ಅಲಗು ಮೂರೂ ಒಂದೇ ತುಂಡು, ಕೆಲವ್ರು ಅದೇ ತುಂಡಿಂದ ಎರಡು ಪಟ್ಟಿ ಎಳೆದು ಕಾವಿನ ಮೇಲೆ ಓಡಿಸಿ ರಿವೆಟ್ ಹೊಡೀತಾರೆ.

ಆದ್ರೆ ಒಂದು ಮಾತು, ಇದನ್ನ ಲೇಬಲ್ ಬರೆಯೋರು ಹೇಳಲ್ಲ. ಬಡಿದಿದ್ದು ಅಂದ ತಕ್ಷಣ ಒಳ್ಳೇದು ಅಂತಲ್ಲ. ಆಕಾರ ಕೊಡೋದು ಅರ್ಧ ಕೆಲಸ, ಉಳಿದರ್ಧ ಹದ. ಕಾರ್ಬನ್ ಇರೋ ಉಕ್ಕನ್ನ ಅಯಸ್ಕಾಂತ ಅಂಟದೇ ಇರೋ ಬಿಸಿಗೆ, ಅಂದ್ರೆ 770 ಡಿಗ್ರಿ ದಾಟಿ ಇನ್ನೊಂಚೂರು ಕಾಯಿಸಿ ಎಣ್ಣೆಗೋ ನೀರಿಗೋ ಅದ್ದಿದ್ರೆ ಗಾಜಿನ ಥರ ಗಟ್ಟಿ ಆಗುತ್ತೆ, ಗಾಜಿನ ಥರಾನೇ ಒಡೆಯುತ್ತೆ ಕೂಡ. ಆಮೇಲೆ ಮತ್ತೆ ಮೆಲ್ಲಗೆ ಕಾಯಿಸಿ ಆ ಗಡಸುತನ ಸ್ವಲ್ಪ ಇಳಿಸ್ಬೇಕು. ಉಜ್ಜಿ ಬೆಳ್ಳಗೆ ಮಾಡಿದ ಜಾಗದಲ್ಲಿ ಬಣ್ಣ ಓಡುತ್ತೆ ನೋಡಿ, ಒಣಹುಲ್ಲಿನ ಬಣ್ಣ ಬಂದಾಗ 220–230 ಡಿಗ್ರಿ, ನೇರಳೆ ಬಂದಾಗ 280ರ ಹತ್ರ, ನೀಲಿ ಬಂದ್ರೆ 300. ಗಿಡ ಕತ್ತರಿಸೋ ಕತ್ತರಿಗೆ ಹುಲ್ಲಿನ ಬಣ್ಣಕ್ಕೇ ನಿಲ್ಲಿಸ್ತಾರೆ, ಕಲ್ಲಿಗೆ ಬಡಿಯೋ ಗುದ್ದಲಿಗೆ ನೀಲಿವರೆಗೂ ಬಿಡ್ತಾರೆ. ಹದ ತಪ್ಪಿದ್ರೆ ನಿಮ್ಮ ಸಲಿಕೆ ಥರ ಮಡಚುತ್ತೆ ಇಲ್ಲ ಮೊದಲ ಕಲ್ಲಿಗೇ ಬಾಯಿ ಚೂರಾಗುತ್ತೆ. ಯಾರು ಬಡಿದ್ರು ಅನ್ನೋದಕ್ಕಿಂತ ಯಾರು ಹದ ಹಾಕಿದ್ರು ಅಂತ ಕೇಳಿ.

ಅಜ್ಜನ ಗುದ್ದಲಿಗೆ ಸಣ್ಣ ಟೆಸ್ಟು. ಬಾಯಿ ಅಂಚಿಗೆ ಒಂದು ಅರ (ಕಬ್ಬಿಣ ಉಜ್ಜೋ ಫೈಲು) ಇಟ್ಟು ಉಜ್ಜಿ, ಆಮೇಲೆ ನಾಲ್ಕು ಬೆರಳು ಮೇಲೆ ಉಜ್ಜಿ. ಮೇಲೆ ಅರ ಕಚ್ಚಿ ಅಂಚಲ್ಲಿ ಜಾರಿದ್ರೆ ಬಾಯಲ್ಲಿ ಇನ್ನೂ ಗಟ್ಟಿ ಉಕ್ಕಿದೆ ಅಂತ. ಎರಡೂ ಕಡೆ ಒಂದೇ ಥರ ಕಚ್ಚಿದ್ರೆ ಉಕ್ಕು ಸವೆದು ಹೋಗಿ ಬರೀ ಮೆತ್ತನೆ ಕಬ್ಬಿಣ ಉಳಿದಿರ್ಬೋದು.

ಲೆಕ್ಕದವ್ನು

ಅರೆಕೆಂಪು ಸರ್ ಹೇಳಿದ್ದು ಸರಿ, ಆದ್ರೆ ನಾನು ಸ್ವಲ್ಪ ಉಲ್ಟಾ ಹೊಡೀತೀನಿ. ಈ 'ಫ್ಯಾಮಿಲಿ ಕುಲುಮೆ' ಅನ್ನೋದರ ಮೇಲೆ ನಮ್ಮ ಜನಕ್ಕೆ ಇರೋ ಮೋಹ ನೋಡಿದ್ರೆ ನಗು ಬರುತ್ತೆ. ಎಷ್ಟೋ ಹಳೇ ಹೆಸರುಗಳು ಕೈಯಿಂದ ಕೈಗೆ ಮಾರಾಟ ಆಗಿವೆ, ಹೆಸರು ಉಳಿದಿರುತ್ತೆ, ಮನೆಯವ್ರು ಯಾವತ್ತೋ ಹೋಗಿರ್ತಾರೆ. ಇನ್ನು ಉಳಿದಿರೋ ಮನೆಗಳಲ್ಲೂ ಯಾರೂ ಬೆಳಗ್ಗಿಂದ ಸಂಜೆವರೆಗೆ ಕೈ ಸುತ್ತಿಗೇಲಿ ಹೊಡ್ಕೊಂಡು ಕೂತಿಲ್ಲ, ಪವರ್ ಹ್ಯಾಮರ್ ಇದೆ, ಪ್ರೆಸ್ ಇದೆ, ತುಂಡು ಕತ್ತರಿಸೋಕೆ ಮೆಷಿನ್ ಇದೆ. ಇರ್ಲಿ, ಅದ್ರಲ್ಲಿ ತಪ್ಪೇನಿಲ್ಲ, ಆದ್ರೆ ಚಿತ್ರದಲ್ಲಿ ಯಾಕೆ ಯಾವಾಗ್ಲೂ ಗಡ್ಡ ಮತ್ತೆ ಕಿಡಿ?

ಸರಿಯಾದ ಉಕ್ಕಿನ ಶೀಟು ತಗೊಂಡು ಪ್ರೆಸ್ ಮಾಡಿ ಸರಿಯಾಗಿ ಹದ ಹಾಕಿದ ಸಲಿಕೆ, ಬೇಜವಾಬ್ದಾರಿಯಿಂದ ಕೈಯಲ್ಲಿ ಬಡಿದ ಸಲಿಕೆಗಿಂತ ನೂರು ಪಾಲು ಮೇಲು. ಹಿತ್ತಲಲ್ಲಿ ನಾಲ್ಕು ಪಾತಿ ಇಟ್ಕೊಂಡು ಭಾನುವಾರ ಭಾನುವಾರ ಮಣ್ಣು ಕೆದಕೋರಿಗೆ ಜೀವಮಾನ ಬಾಳೋ ಸಲಿಕೆ ಯಾಕೆ ಸ್ವಾಮಿ? ಜೀವಮಾನ ಬಾಳುತ್ತೆ ನಿಜ, ನಮ್ಮ ಹುರುಪು ಎರಡು ವರ್ಷ ಬಾಳಿದ್ರೆ ಸಾಕು :)

ತಿದಿಮನೆ

ಲೆಕ್ಕದವ್ನು ಅವ್ರೇ, ಕೋಪ ಇಲ್ಲ, ನಿಮ್ಮ ಮಾತಲ್ಲಿ ಅರ್ಧ ನಿಜಾನೇ. ನಾನು ಕುಲುಮೆ ಮನೇಲೇ ಹುಟ್ಟಿದವ್ಳು, ನಮ್ಮಪ್ಪಂಗೆ ಗಡ್ಡ ಇರ್ಲೇ ಇಲ್ಲ, ಕಿಡಿ ಹಾರಿ ಸುಡುತ್ತೆ ಅಂತ ದಿನಾ ಬೋಳಿಸ್ಕೊಳೋರು. ಪವರ್ ಹ್ಯಾಮರ್ ಬಂದ ದಿನ ನಮ್ಮನೇಲಿ ಅತೀ ಹೆಚ್ಚು ಖುಷಿಪಟ್ಟಿದ್ದು ನಮ್ಮಮ್ಮ, ಯಾಕಂದ್ರೆ ಅದಕ್ಕೂ ಮುಂಚೆ ದೊಡ್ಡ ಸುತ್ತಿಗೆ ಹೊಡೀತಿದ್ದಿದ್ದು ಅವ್ರೇ. ಅಪ್ಪ ಇಕ್ಕಳ ಹಿಡ್ಕೊಂಡು ಸಣ್ಣ ಸುತ್ತಿಗೇಲಿ ಎಲ್ಲಿ ಹೊಡೀಬೇಕು ಅಂತ ಟಿಕ್ ಅಂತ ತೋರ್ಸೋರು, ಅಮ್ಮ ಅಲ್ಲಿಗೆ ಧಪ್ ಅಂತ ಹೊಡೆಯೋರು, ನಾನೂ ಅಣ್ಣಾನೂ ತಿದಿ. ಚಿತ್ರಗಳಲ್ಲಿ ಅಮ್ಮಂದಿರು ಇರಲ್ಲ ಗಮನಿಸಿದ್ದೀರಾ? ಫ್ಯಾಮಿಲಿ ಬಿಸಿನೆಸ್ಸು ಅಂದ್ರೆ ಸಂಬಳ ಇಲ್ಲದೆ ಇಷ್ಟು ಕೈ ದುಡಿಯೋದು ಅಂತ ಅರ್ಥ, ಆ ಕೈಗಳ ಲೆಕ್ಕ ಬೆಲೇಲಿ ಯಾವತ್ತೂ ಸೇರ್ತಿರ್ಲಿಲ್ಲ. ಕುಲುಮೆಗಳು ಮುಚ್ಚೋಕೆ ಅಗ್ಗದ ಮಾಲು ಒಂದೇ ಕಾರಣ ಅಂತಾರೆ, ನಾನು ಒಪ್ಪಲ್ಲ. ಮಕ್ಕಳು ಓದಿ ಬೇರೆ ಕಡೆ ಹೋದ್ಮೇಲೆ ಆ ಪುಕ್ಕಟೆ ಕೈಗಳಿಗೆ ಸಂಬಳ ಕೊಡ್ಬೇಕಾಗಿ ಬಂತು ನೋಡಿ, ಆಗ ಗೊತ್ತಾಯ್ತು ಗುದ್ದಲೀನ ಇಷ್ಟು ದಿನ ನಷ್ಟಕ್ಕೆ ಮಾರ್ತಿದ್ವಿ ಅಂತ.

ಇನ್ನೊಂದು ಸಂಕಟ ಇದೆ, ಒಳ್ಳೇ ಮಾಲು ಮಾಡಿದ್ರೆ ಗಿರಾಕಿ ಮತ್ತೆ ಬರಲ್ಲ. ಬರೋದು ಬಾಯಿ ತಟ್ಟಿಸೋಕೆ ಮಾತ್ರ. ಅಪ್ಪನ ಹೊಟ್ಟೆಪಾಡು ನಡೆದಿದ್ದು ಹೊಸ ಗುದ್ದಲಿ ಮಾರಿ ಅಲ್ಲ, ಹಳೇ ಗುದ್ದಲಿ ಬಾಯಿ ತಟ್ಟಿ.

ಹಿತ್ತಲಗಿಡ ಅವ್ರೇ, ನಿಮ್ಮ ಪ್ರಶ್ನೆಗೆ ಬರ್ತೀನಿ. ಗುಜರಿಗೆ ಹಾಕ್ಬೇಡಿ. ಗುದ್ದಲೀಲಿ ಸವೆಯೋದು ಬಾಯಿ, ಮಾಡೋಕೆ ಕಷ್ಟ ಇರೋದು ಕಾವು ಕೂರೋ ತೂತು. ಅದರ ಸುತ್ತ ಕಬ್ಬಿಣ ಬಿರುಕು ಬಿಟ್ಟಿಲ್ಲ ಅಂದ್ರೆ ಗುದ್ದಲಿ ಗಟ್ಟಿಯಾಗೇ ಇದೆ ಅಂತ. ದಾರದಲ್ಲಿ ನೇತು ಹಾಕಿ ಸುತ್ತಿಗೇಲಿ ಮೆಲ್ಲಗೆ ತಟ್ಟಿ, ಗಂಟೆ ಥರ ಕೊಯ್ಯ್ ಅಂದ್ರೆ ಸರಿ, ಒಡೆದ ಮಡಕೆ ಥರ ಬೊದ್ ಅಂದ್ರೆ ಎಲ್ಲೋ ಬಿರುಕಿದೆ. ಸರಿ ಇದ್ರೆ ಹಳೇ ಬಾಯಿ ಕಾಯಿಸಿ, ಹೊಸ ಉಕ್ಕಿನ ತುಂಡು ಕೂಡಿಸಿ ಬೆಸೆದು ಬಡಿದು ಮತ್ತೆ ಹದ ಹಾಕ್ತಾರೆ. ಅಪ್ಪ ಲಾರಿ ಸ್ಪ್ರಿಂಗ್ ಪ್ಲೇಟ್ ಬಳಸೋರು, ಗಡಸೂ ಹೌದು ಬಾಗಿ ಬರೋ ಗುಣಾನೂ ಇದೆ.

ಯಾರ ಹತ್ರ ಹೋದ್ರೂ ಒಂದು ನೋಡಿ. ಒಳ್ಳೇ ಕಮ್ಮಾರ ಮೊದಲು ಗುದ್ದಲೀನ ನೋಡಲ್ಲ, ಅದಕ್ಕೆ ಅಂಟಿರೋ ಮಣ್ಣು ನೋಡ್ತಾನೆ, ಆಮೇಲೆ ನಿಮ್ಮ ಎತ್ತರ ನೋಡ್ತಾನೆ. ಜಿಗುಟು ಮಣ್ಣಿಗೆ ಅಲಗು ಕಿರಿದು, ಸಡಿಲ ಮಣ್ಣಿಗೆ ಅಗಲ, ಕಲ್ಲು ಜಾಸ್ತಿ ಇದ್ರೆ ಬಾಯಿ ದಪ್ಪ. ಅಲಗು ಕಾವಿನ ಕಡೆ ಎಷ್ಟು ಬಾಗಿರ್ಬೇಕು ಅನ್ನೋದು ನಿಮ್ಮ ಬೆನ್ನಿಗೆ ಸಂಬಂಧಪಟ್ಟಿದ್ದು. ಅದ್ಯಾವುದನ್ನೂ ಕೇಳದೆ ಇಟ್ಟು ಹೋಗಿ ನಾಳೆ ಬನ್ನಿ ಅಂದ್ರೆ ಅಲ್ಲಿ ಇಡ್ಬೇಡಿ.

ಹಳೇಕ್ಯಾಟಲಾಗ್

ತಿದಿಮನೆ ಅಕ್ಕ, ನೀವು ಬರೆದಿದ್ದು ಓದಿ ಸುಮ್ನೆ ಕೂತ್ಬಿಟ್ಟೆ. ಮಣ್ಣು ನೋಡಿ ಅಲಗು ಮಾಡೋದು ಅಂದ್ರಲ್ಲ, ಅದು ಎಲ್ಲಾ ಕಡೆ ಇದ್ದದ್ದೇ. ಐರ್ಲೆಂಡಲ್ಲಿ ಸಲಿಕೆ ಗಿರಣಿಗಳು ಒಂದೊಂದು ಸೀಮೆಗೆ ಒಂದೊಂದು ಮಾದರಿ ಮಾಡ್ತಿದ್ವು, ಎಡಗಾಲಲ್ಲಿ ತುಳಿಯೋ ಕಡೆಗೆ ಒಂದು ಥರ, ಬಲಗಾಲಿನ ಕಡೆಗೆ ಇನ್ನೊಂದು. ಇಂಗ್ಲೆಂಡಲ್ಲಿ ಬೇಲಿ ಕತ್ತರಿಸೋ ಬಿಲ್‌ಹುಕ್ ಕತ್ತಿಗೆ ಊರೂರಿನ ಹೆಸರು. ಗಿರಾಕಿ ತಂದೆಯ ಕತ್ತಿ ಹೇಗಿತ್ತೋ ಹಾಗೇ ಬೇಕು ಅಂತ ಕೇಳ್ತಿದ್ದ, ಅದಕ್ಕೇ ಮಾದರಿಗಳು ಸಾಯ್ತಿರ್ಲಿಲ್ಲ.

ಮೂಲ ಪ್ರಶ್ನೆ, ನಿಜವಾದ ಮನೆಗಳು ಇವೆಯಾ ಅಂತ. ಇವೆ. ನೆದರ್ಲೆಂಡ್ಸಲ್ಲಿ ಎರಡು ಹೆಸರು ಹೇಳ್ಬೋದು, 1898ರಲ್ಲಿ ಶುರುವಾದ ಡೆ ವಿಟ್, 1913ರಲ್ಲಿ ಶುರುವಾದ ಸ್ನೇಬೂರ್. ಡೆ ವಿಟ್‌ನವ್ರು ಬೋರಾನ್ ಬೆರೆಸಿದ ಗಟ್ಟಿ ಉಕ್ಕು ಬಡಿದು ಆಶ್ ಮರದ ಕಾವು ಹಾಕ್ತಾರೆ, ಸ್ನೇಬೂರ್ ಸ್ಟೇನ್‌ಲೆಸ್ ಸ್ಟೀಲಿನ ದಾರಿ ಹಿಡಿದ್ರು. ಸ್ಟೇನ್‌ಲೆಸ್ ಬಗ್ಗೆ ಮೂಗು ಮುರಿಯೋರು ಇದ್ದಾರೆ, ಆದ್ರೆ ಜಿಗುಟು ಮಣ್ಣಲ್ಲಿ ಬಳಸಿ ನೋಡಿ, ನುಣುಪಾಗಿರೋದ್ರಿಂದ ಮಣ್ಣು ಅಂಟ್ಕೊಳಲ್ಲ, ತುಕ್ಕಿನ ಚಿಂತೆ ಇಲ್ಲ. ಒಂದೇ ಕೊರತೆ, ಸವೆದ್ರೆ ಮಾಮೂಲಿ ಕುಲುಮೇಲಿ ಬಾಯಿ ಕೂಡ್ಸೋದು ಕಷ್ಟ.

ಫ್ರಾನ್ಸಿನ ಸವೊಯ್ ಬೆಟ್ಟಗಳಲ್ಲಿ ಒಬ್ಬ ಕಮ್ಮಾರ ಕೊಡಲಿ, ಕತ್ತಿ ಮಾಡ್ತಿದ್ದ, ಅವನ ಮಗ ಜೋಸೆಫ್ ಒಪಿನೆಲ್ 1890ರಲ್ಲಿ ಜೇಬಿಗಿಳಿಯೋ ಮರದ ಹಿಡಿ ಚಾಕು ಮಾಡ್ದ. ಆ ಕಂಪನಿ ಇವತ್ತಿಗೂ ಮನೆಯವ್ರ ಕೈಲೇ ಇದೆ, ಗಿಡ ಸವರೋ ಚಾಕು, ಗರಗಸ ಎಲ್ಲ ಮಾಡ್ತಾರೆ. ಅಪ್ಪ ಮಾಡಿದ್ದನ್ನೇ ಮಾಡ್ದೇ ಇದ್ದಿದ್ದಕ್ಕೇ ಮನೆ ಉಳೀತು ಅಂತ ನನ್ನ ಲೆಕ್ಕ. ಸ್ವಿಟ್ಜರ್ಲೆಂಡಿನ ಫೆಲ್ಕೊ ಕತ್ತರಿ ನೋಡಿ, 1945ರಿಂದ ಇದೆ, ಅಲಗು, ಸ್ಪ್ರಿಂಗು, ಬೋಲ್ಟು ಎಲ್ಲಾ ಬಿಡಿಬಿಡಿಯಾಗಿ ಸಿಗುತ್ತೆ. ತಿದಿಮನೆ ಅಕ್ಕ ಹೇಳಿದ ಸಂಕಟಕ್ಕೆ ಅವ್ರು ಕಂಡ್ಕೊಂಡ ಉತ್ತರ ಅದು, ಕತ್ತರಿ ಮತ್ತೆ ಕೊಳ್ಳಲ್ಲ ನಿಜ, ಅಲಗು ಕೊಳ್ತಾರಲ್ಲ.

ಜಪಾನಿನ ಸಾಂಜೊ ಊರಿನದ್ದು ಬೇರೆ ಥರ. 17ನೇ ಶತಮಾನದಲ್ಲಿ ಪದೇ ಪದೇ ನೆರೆ ಬಂದು ಬೆಳೆ ಹೋಗೋ ರೈತರಿಗೆ ಉಪಕಸುಬಾಗ್ಲಿ ಅಂತ ಮೊಳೆ ಬಡಿಯೋದು ಕಲಿಸಿದ್ರಂತೆ, ಮೊಳೆಯಿಂದ ಕುಡುಗೋಲು, ಗುದ್ದಲಿ ಅಂತ ಬೆಳೆದು ಇವತ್ತಿಗೂ ಅದು ಕಮ್ಮಾರರ ಊರು. ಅಲ್ಲಿ ಹೊಲದ ಸಾಮಾನು ಮಾಡೋ ಕಮ್ಮಾರನಿಗೆ ನೊಕಾಜಿ ಅಂತಾರೆ. ಸವೆದ ಗುದ್ದಲಿ ತುದಿಗೆ ಹೊಸ ಉಕ್ಕು ಕೂಡ್ಸೋ ಕೆಲಸಕ್ಕೆ ಸಾಕಿಗಾಕೆ ಅಂತ ಪ್ರತ್ಯೇಕ ಹೆಸರೇ ಇದೆ, ಅಂದ್ರೆ ಅದು ಎಷ್ಟು ಮಾಮೂಲಿ ಕೆಲಸ ಆಗಿತ್ತು ಯೋಚ್ನೆ ಮಾಡಿ.

ಉಳೀದೇ ಇದ್ದ ಮನೆದೂ ಒಂದು ಹೇಳ್ಬಿಡ್ತೀನಿ. ಉತ್ತರ ಐರ್ಲೆಂಡಿನ ಟೆಂಪಲ್‌ಪ್ಯಾಟ್ರಿಕ್‌ನಲ್ಲಿ ಪ್ಯಾಟರ್ಸನ್ ಅನ್ನೋ ಮನೆತನ 1919ರಲ್ಲಿ ನೀರಿನ ಶಕ್ತಿಯಿಂದ ನಡೆಯೋ ಸಲಿಕೆ ಗಿರಣಿ ಇಟ್ಟಿತ್ತು. ಮನೆಯವ್ರ ಕಾಲ ಮುಗೀತು, ಈಗ ಹಳೇ ಕಟ್ಟಡ, ಜಾಗಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆ ನೋಡ್ಕೊಳುತ್ತೆ. ಗಿರಣಿ ಉಳೀತು, ಮನೆಯವ್ರು ಕೈ ಬಿಟ್ರು. ಲೆಕ್ಕದವ್ನು ಅವ್ರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಉದಾಹರಣೆ ಇದು, ಇಲ್ಲಿ ಬರೀ ಹೆಸರಲ್ಲ, ಕೆಲಸಾನೂ ಉಳೀತು.

ಲೆಕ್ಕದವ್ನು

ಸರಿ ಸರಿ, ಒಪ್ದೆ. ಬಿಡಿಭಾಗ ಕೊಡೋನು, ಬಾಯಿ ಕೂಡ್ಸಿ ಕೊಡೋನು ಇದ್ರೆ ಅವ್ನು ಮನೆಯವ್ನಾದ್ರೂ ಆಗ್ಲಿ ಕಂಪನಿಯವ್ನಾದ್ರೂ ಆಗ್ಲಿ. ನನ್ನ ತಕರಾರು ಚಿತ್ರದ ಮೇಲೆ ಅಷ್ಟೆ. ತಿದಿಮನೆ ಮೇಡಂ, ಅಮ್ಮನ ವಿಷಯ ಓದಿ ನನ್ನ ಗಡ್ಡದ ಜೋಕು ಸ್ವಲ್ಪ ಚುಚ್ತು, ಸಾರಿ.

ಕಾವುಗಾರ

ಎಲ್ರೂ ಕಬ್ಬಿಣದ್ದೇ ಹೇಳ್ತಿದ್ದೀರಾ, ಮುರಿದಿದ್ದು ಕಾವು ಕಣ್ರೀ!

ಮರದ ಗೆರೆ ಕಾವಿನ ಉದ್ದಕ್ಕೆ ನೆಟ್ಟಗೆ ಓಡಿರ್ಬೇಕು. ಗೆರೆ ಅಡ್ಡಕ್ಕೆ ಹಾದು ಪಕ್ಕದಿಂದ ಆಚೆ ಹೋಗಿದ್ರೆ ಅಲ್ಲೇ ಒಂದಿನ ಲಟಕ್ ಅನ್ನುತ್ತೆ, ನಿಮ್ದೂ ಹಂಗೇ ಓರೆಯಾಗಿ ಸೀಳಿ ಮುರಿದಿರುತ್ತೆ ನೋಡಿ ಬೇಕಾದ್ರೆ. ಗಂಟು ಇರ್ಬಾರ್ದು, ಹಸಿ ಮರ ಬೇಡವೇ ಬೇಡ, ಒಣಗಿ ಸಣ್ಣ ಆಗಿ ಗುದ್ದಲಿ ಹಾರಿ ಹೋಗುತ್ತೆ. ಗುದ್ದಲಿ ಸಡಿಲ ಆಯ್ತು ಅಂತ ರಾತ್ರಿ ನೀರಲ್ಲಿ ನೆನೆಸಿಡೋರಿದ್ದಾರೆ, ಅವತ್ತಿಗೆ ಬಿಗಿ ಆಗುತ್ತೆ, ಒಣಗಿದ್ಮೇಲೆ ಮೊದಲಿಗಿಂತ ಸಡಿಲ. ಬೆಣೆ ಹೊಡೀರಿ.

ವಾರ್ನಿಶ್ ಇದ್ರೆ ಉಪ್ಪುಕಾಗದದಲ್ಲಿ ತೆಗೆದ್ಬಿಡಿ, ಅಂಗೈಲಿ ಗುಳ್ಳೆ ಏಳೋದು ಅದರಿಂದಾನೇ. ಅಗಸೆ ಎಣ್ಣೆ ಹಚ್ಚಿ, ತೆಳ್ಳಗೆ, ಒಣಗೋಕೆ ಬಿಟ್ಟು ಮತ್ತೆ ಹಚ್ಚಿ. ಮತ್ತೆ ದಯವಿಟ್ಟು ಇದನ್ನ ಓದಿ ಮರೀಬೇಡಿ, ಎಣ್ಣೆ ಒರೆಸಿದ ಬಟ್ಟೇನ ಉಂಡೆ ಮಾಡಿ ಮೂಲೇಲಿ ಎಸೀಬೇಡಿ. ಅಗಸೆ ಎಣ್ಣೆ ಒಣಗ್ತಾ ಬಿಸಿ ಆಗುತ್ತೆ, ಉಂಡೆ ಒಳಗೆ ಆ ಬಿಸಿ ಕೂಡ್ಕೊಂಡು ಬೆಂಕಿ ತಾನಾಗೇ ಹತ್ತುತ್ತೆ. ಬಟ್ಟೆ ಬಿಡಿಸಿ ಹರವಿ ಒಣಗಿಸಿ. ನಾನು ಒಂದ್ಸಲ ಹೊಗೆ ನೋಡಿ ಓಡಿ ಬಂದು ಬಕೆಟ್ ನೀರು ಸುರಿದವ್ನು.

ಹಿತ್ತಲಗಿಡ

ಅಪ್‌ಡೇಟ್ ಕೊಡೋಕೆ ಲೇಟಾಯ್ತು. ಎಲ್ರಿಗೂ ಥ್ಯಾಂಕ್ಸ್.

ಅರ ಟೆಸ್ಟು ಮಾಡ್ದೆ, ಎರಡೂ ಕಡೆ ಒಂದೇ ಥರ ಕಚ್ತು, ಅಂದ್ರೆ ಉಕ್ಕು ಮುಗಿದೋಗಿತ್ತು, ಇಷ್ಟು ವರ್ಷ ಮೆತ್ತನೆ ಕಬ್ಬಿಣದಲ್ಲೇ ಅಗೀತಿದ್ದೆ ಅನ್ಸುತ್ತೆ. ನೇತು ಹಾಕಿ ತಟ್ಟಿದ್ರೆ ಗಂಟೆ ಥರ ಬಂತು. ಹುಡುಕಿ ಹುಡುಕಿ ಒಬ್ಬ ಹಿರಿಯರ ಕುಲುಮೆಗೆ ತಗೊಂಡು ಹೋದೆ. ನಾನು ಬುದ್ಧಿವಂತನ ಥರ ಗುದ್ದಲೀನ ತೊಳೆದು ಫಳಫಳ ಮಾಡ್ಕೊಂಡು ಹೋಗಿದ್ದೆ, ಅವ್ರು ತಿರುಗಿಸಿ ತಿರುಗಿಸಿ ನೋಡಿ ಕೇಳಿದ ಮೊದಲ ಮಾತು, 'ಮಣ್ಣೆಲ್ಲಿ?' ತಿದಿಮನೆ ಅಕ್ಕ, ನಿಮ್ಮ ನೆನಪಾಗಿ ಅಲ್ಲೇ ನಕ್ಕೆ, ಅವ್ರಿಗೆ ಯಾಕೆ ಅಂತ ಹೇಳೋಕೆ ಹತ್ತು ನಿಮಿಷ ಬೇಕಾಯ್ತು. ಮಾರನೇ ದಿನ ಕವರಲ್ಲಿ ಮಣ್ಣು ತಗೊಂಡು ಹೋದೆ.

ಹೊಸ ಬಾಯಿ ಕೂಡ್ಸಿದ್ದಾರೆ, ಬೆಸೆದ ಗೆರೆ ಸಣ್ಣಗೆ ಕಾಣುತ್ತೆ. ಕಾವನ್ನ ನನ್ನ ಪಕ್ಕ ನಿಲ್ಸಿ ಅಳೆದು ಅಜ್ಜನ ಕಾವಿಗಿಂತ ಅರ್ಧ ಗೇಣು ಉದ್ದ ಬಿಟ್ರು, ಅಜ್ಜ ಕುಳ್ಳಗಿದ್ರು. ಅವ್ರ ಮಗ ಪಕ್ಕದಲ್ಲೇ ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡ್ತಾನೆ, ಕುಲುಮೆ ಖರ್ಚು ನಡೀತಿರೋದು ಅದರಿಂದಾನೇ ಅಂತ ಅವ್ರೇ ಹೇಳಿದ್ರು.

ಒಂದು ಕೊನೇ ಪ್ರಶ್ನೆ, ಇನ್ಮೇಲೆ ಬಾಯಿ ಮೊಂಡಾದ್ರೆ ಮನೇಲಿರೋ ಗ್ರೈಂಡರಿಗೆ ಹಿಡೀಬೋದಾ?

ತಿದಿಮನೆ

ಬೇಡ. ಗ್ರೈಂಡರಲ್ಲಿ ಅಂಚು ಒಂದು ಕ್ಷಣ ನೀಲಿಗಿಂತ ಆಚೆ ಹೋದ್ರೂ ಅಲ್ಲಿ ಹದ ಹೋಯ್ತು, ಆ ಹಿರಿಯರು ಮಾಡಿದ ಕೆಲಸ ಅಷ್ಟೂ ದಂಡ. ಅರಾನೇ ಸಾಕು. ಈಗ ಅವ್ರು ಯಾವ ಕಡೆ ಇಳಿಜಾರು ಕೊಟ್ಟಿದ್ದಾರೋ ಅದೇ ಕಡೆ, ಅದೇ ಓರೆಗೆ ಉಜ್ಜಿ, ಎರಡೂ ಕಡೆ ಉಜ್ಜಬೇಡಿ. ಅರವನ್ನ ಮುಂದಕ್ಕೆ ಮಾತ್ರ ತಳ್ಳಿ, ವಾಪಸ್ ಬರುವಾಗ ಎತ್ತಿ, ಇಲ್ಲಾಂದ್ರೆ ಅರದ ಹಲ್ಲು ಹೋಗುತ್ತೆ. ಅರ ಕಚ್ಚದೆ ಜಾರ್ತಾ ಇದ್ರೆ ಬೇಜಾರಾಗ್ಬೇಡಿ, ಬಾಯಿ ಗಟ್ಟಿ ಇದೆ ಅಂತ, ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತೆ ಅಷ್ಟೆ.

ಆಮೇಲೆ ಆ ಮಡಚ್ಕೊಂಡ ಸಲಿಕೆ ಏನ್ಮಾಡಿದ್ರಿ?

ಹಿತ್ತಲಗಿಡ

ಮೊರ ಮಾಡ್ಕೊಂಡಿದ್ದೀನಿ ಅಕ್ಕ, ಒಣಗಿದ ಎಲೆ ತುಂಬೋಕೆ :)